ಸೈತಾನನ ಸಂಬಳ, ಕೂಳೆ ಚಿಗುರದ ಕಬ್ಬು

ಒಂದು ಅಂಗಡಿಯ ಕಥೆಯಿಂದ ಶುರು ಮಾಡುತ್ತೇನೆ. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಕೌಕಾ ಅಂತ ಒಂದು ನದಿ. ಅದರ ಕಣಿವೆಯಲ್ಲಿ ಕಣ್ಣು ಹಾಯಿಸಿದಷ್ಟೂ ಕಬ್ಬು, ಥೇಟ್ ನಿಮ್ಮ ಮಂಡ್ಯದ ಹಾಗೆ. ಅಲ್ಲಿ ಒಬ್ಬ ಅಂಗಡಿಯವನಿಗೆ ಗಲ್ಲಾಪೆಟ್ಟಿಗೆಯೊಳಗೆ ಏನೋ ಸರಬರ ಸದ್ದು ಕೇಳಿಸಿತಂತೆ. ಇಲಿಯೋ ಏನೋ ಅಂತ ತೆಗೆದು ನೋಡುತ್ತಾನೆ, ಎರಡು ನೋಟು ಒಂದರ ಮೇಲೊಂದು ಬಿದ್ದು ಜಗಳವಾಡುತ್ತಿವೆ! ಪೆಟ್ಟಿಗೆಯಲ್ಲಿರುವ ಹಣವನ್ನೆಲ್ಲ ಯಾರು ಹೊತ್ತೊಯ್ಯಬೇಕು ಅನ್ನುವುದೇ ಜಗಳ. ಅವನಿಗೆ ತಕ್ಷಣ ಅರ್ಥವಾಯಿತು. ಈಗಷ್ಟೇ ಬಂದುಹೋದ ಇಬ್ಬರು ಗಿರಾಕಿಗಳೂ ದೀಕ್ಷಾಸ್ನಾನ ಮಾಡಿಸಿದ ನೋಟು ಕೊಟ್ಟು ಹೋಗಿದ್ದಾರೆ. ಒಂದೇ ಆಗಿದ್ದರೆ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಎರಡು ಬಂದು ಕಚ್ಚಾಡಿದ್ದರಿಂದ ಪೆಟ್ಟಿಗೆ ಉಳಿಯಿತು.

ನೋಟಿಗೆ ದೀಕ್ಷಾಸ್ನಾನ ಹೇಗೆ ಮಾಡಿಸುತ್ತಾರೆ ಅಂತ ಕೇಳಿ. ಚರ್ಚಿನಲ್ಲಿ ಮಗುವಿಗೆ ದೀಕ್ಷೆ ಕೊಡಿಸುವಾಗ, ಮಗುವಿನ ಹೊಣೆ ಹೊತ್ತು ನಿಂತವನು ಅಂಗೈಯಲ್ಲಿ ಒಂದು ನೋಟು ಬಚ್ಚಿಟ್ಟುಕೊಂಡಿರುತ್ತಾನೆ. ಪಾದ್ರಿಯ ಮಂತ್ರ, ತೀರ್ಥ, ಹೆಸರು ಎಲ್ಲವೂ ಮಗುವಿಗೆ ತಲುಪದೆ ನೋಟಿಗೆ ಹೋಗುತ್ತವೆ. ಪಾಪ, ಮಗು ಹಾಗೇ ಉಳಿಯುತ್ತದೆ. ಆಮೇಲೆ ಆ ಮನುಷ್ಯ ಅಂಗಡಿಯಲ್ಲಿ ನೋಟು ಕೊಟ್ಟು ಅದರ ಹೆಸರು ಹಿಡಿದು, ಹೋಗ್ತೀಯೋ ಉಳೀತೀಯೋ, ಹೋಗ್ತೀಯೋ ಉಳೀತೀಯೋ ಅಂತ ಮೂರು ಸಲ ಪಿಸುಗುಟ್ಟಿದರೆ ಸಾಕು. ನೋಟು ವಾಪಸ್ ಬರುತ್ತದೆ. ಬರುವಾಗ ಪೆಟ್ಟಿಗೆಯಲ್ಲಿದ್ದ ಉಳಿದ ದುಡ್ಡನ್ನೂ ಎಳೆದುಕೊಂಡು ಬರುತ್ತದೆ.

ಹಿಂದಿನ ಸಾಲಿನವರು ನಗುತ್ತಿದ್ದೀರಿ. ನಗಿ. ಆದರೆ ನಗುವ ಮುಂಚೆ ಒಂದು ಮಾತು. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟವರು ಇಲ್ಲಿ ಎಷ್ಟು ಜನ? ನೋಟು ಹೊರಗೆ ಹೋಗಿ, ಯಾರದೋ ಪೆಟ್ಟಿಗೆ ಹೊಕ್ಕು, ಮರಿಗಳನ್ನು ಕಟ್ಟಿಕೊಂಡು ಮನೆಗೆ ಬರುತ್ತದೆ ಅನ್ನುವುದನ್ನು ನೀವು ನಂಬುವುದಿಲ್ಲವೆ? ನಿಮ್ಮ ನಂಬಿಕೆಗೂ ಅವರದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಈ ಲಾಭಕ್ಕೆ ಒಂದು ಮಗುವಿನ ಆತ್ಮದ ಬೆಲೆ ತೆರಬೇಕಾಯಿತು ಅನ್ನುವುದು ಅವರಿಗೆ ಗೊತ್ತು. ನಮ್ಮ ಪಾಸ್‌ಬುಕ್ಕಿನಲ್ಲಿ ಆ ಕಾಲಂ ಇಲ್ಲ.

ಈ ಕಥೆಗಳನ್ನು ಬರೆದುಕೊಂಡವರು ಮೈಕೆಲ್ ಟಾಸಿಗ್. ಆಸ್ಟ್ರೇಲಿಯಾದವರು, ಓದಿದ್ದು ವೈದ್ಯಕೀಯ, ಆದದ್ದು ಮಾನವಶಾಸ್ತ್ರಜ್ಞ. 1970ರ ಸುಮಾರಿನಲ್ಲಿ ಪುಯೆರ್ತೊ ತೆಹಾದಾ ಎಂಬ ಊರಿನ ಆಸುಪಾಸಿನಲ್ಲಿದ್ದರು. ಅಲ್ಲಿನ ಜನ ಆಫ್ರಿಕಾದಿಂದ ತಂದ ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು. ಕೊಲಂಬಿಯಾದಲ್ಲಿ 1851ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಇವರು ಕಾಡಂಚಿನಲ್ಲಿ ಕೋಕೊ, ಕಾಫಿ, ಬಾಳೆ ಎಲ್ಲವನ್ನೂ ಬೆರೆಸಿ ತೋಟ ಮಾಡಿಕೊಂಡು ಸ್ವತಂತ್ರವಾಗಿ ಬದುಕಿದ್ದರು. ನಮ್ಮ ಮಲೆನಾಡಿನ ಕಾಫಿ ತೋಟ ನೋಡಿದವರಿಗೆ ಆ ತೋಟಗಳ ಚಿತ್ರ ಸುಲಭವಾಗಿ ಬರುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಸಕ್ಕರೆ ಎಸ್ಟೇಟುಗಳು ಬೆಳೆದು ಆ ತೋಟಗಳನ್ನು ಒಂದೊಂದಾಗಿ ನುಂಗಿದವು. ತೋಟದ ಒಡೆಯ ಕಬ್ಬು ಕಡಿಯುವ ಕೂಲಿಯಾದ. ಕೂಲಿ ತೂಕದ ಲೆಕ್ಕದಲ್ಲಿ. ಎಷ್ಟು ಕಡಿದರೆ ಅಷ್ಟು.

ಅಂಥ ಕೂಲಿಯವರಲ್ಲಿ ಒಬ್ಬ ಇದ್ದಕ್ಕಿದ್ದಂತೆ ಬೇರೆಯವರಿಗಿಂತ ಹೆಚ್ಚು ಕಡಿಯತೊಡಗಿದ ಅನ್ನಿ. ಜನ ಆಡಿಕೊಳ್ಳುತ್ತಾರೆ: ಇವನು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದಾನೆ. ಮಾಟಗಾರನಿಂದ ಒಂದು ಸಣ್ಣ ಬೊಂಬೆ ಮಾಡಿಸಿ ಗದ್ದೆಯಲ್ಲಿ ಎಲ್ಲೋ ಅಡಗಿಸಿಟ್ಟಿದ್ದಾನೆ. ದುಡ್ಡೇನೋ ಬರುತ್ತದೆ, ಆದರೆ ಆ ದುಡ್ಡು ಬಂಜೆ. ಅದರಲ್ಲಿ ಬಟ್ಟೆ ಕೊಳ್ಳಬಹುದು, ಹೆಂಡ ಕುಡಿಯಬಹುದು. ಭೂಮಿ ಕೊಂಡರೆ ಭೂಮಿ ಬರಡಾಗುತ್ತದೆ, ಹಂದಿ ಕೊಂಡು ಕಟ್ಟಿದರೆ ಬಡಕಲಾಗಿ ಸಾಯುತ್ತದೆ. ನಮ್ಮ ಅಜ್ಜಿಯಂದಿರ ಮಾತಿನಲ್ಲಿ ಹೇಳುವುದಾದರೆ ಆ ದುಡ್ಡು ದಕ್ಕುವುದಿಲ್ಲ. ಇನ್ನೊಂದು ಸಂಗತಿ ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಅವನು ಕಡಿದ ಗದ್ದೆಯಲ್ಲಿ ಉಳಿದ ಬುಡದಿಂದ ಮತ್ತೆ ಕೂಳೆ ಚಿಗುರುವುದಿಲ್ಲ. ಮೊದಲ ನಾಟಿಯ ತನಿ ಬೆಳೆಗೇ ಮುಗಿಯಿತು. ಬುಡ ಸಮೇತ ಕಿತ್ತು ಹೊಸದಾಗಿ ನಾಟಿ ಮಾಡಬೇಕು.

ಈಗ ಗಮನವಿಟ್ಟು ಕೇಳಿ. ತನ್ನ ಸ್ವಂತ ತೋಟದಲ್ಲಿ ದುಡಿಯುವವನು ಈ ಒಪ್ಪಂದ ಮಾಡಿಕೊಳ್ಳುವುದಿಲ್ಲ. ತನ್ನ ತೋಟವನ್ನು ತಾನೇ ಸಾಯಿಸಿಕೊಳ್ಳುತ್ತಾನೆಯೆ? ಅಕ್ಕಪಕ್ಕದ ರೈತನ ಹತ್ತಿರ ಕೂಲಿಗೆ ಹೋದವನೂ ಮಾಡುವುದಿಲ್ಲ. ಹೆಂಗಸರೂ ಸಾಮಾನ್ಯವಾಗಿ ಮಾಡುವುದಿಲ್ಲ, ಏಕೆಂದರೆ ಆ ದುಡ್ಡಿನಲ್ಲಿ ಉಣ್ಣಿಸಿದರೆ ಮಕ್ಕಳು ಬೆಳೆಯುವುದಿಲ್ಲ. ಎಸ್ಟೇಟಿನ ಕೂಲಿಗೆ ಹೋಗುವ ಗಂಡಸಿನ ಮೇಲೆ ಮಾತ್ರ ಈ ಅನುಮಾನ. ಸೈತಾನ ಕಾಡಿನಲ್ಲಿಲ್ಲ, ಸ್ಮಶಾನದಲ್ಲಿಲ್ಲ. ತೂಕದ ಲೆಕ್ಕದ ಸಂಬಳ ಎಲ್ಲಿದೆಯೋ ಅಲ್ಲಿ ಬಂದು ಕೂತಿದ್ದಾನೆ.

ಟಾಸಿಗ್ 1980ರಲ್ಲಿ ಇದನ್ನು ಪುಸ್ತಕ ಮಾಡಿದಾಗ ಅವರ ವಾದ ಇದಾಗಿತ್ತು. ಈ ಜನ ಮೂಢರಲ್ಲ. ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಅರ್ಧ ದಾರಿಯಲ್ಲಿ ನಿಂತವರು. ನಾವು ಹುಟ್ಟಿದಾಗಿನಿಂದ ಒಳಗೇ ಇರುವುದರಿಂದ ನಮಗೆ ಕೂಲಿ, ಬಡ್ಡಿ, ಲಾಭ ಎಲ್ಲವೂ ಮಳೆ ಬಿಸಿಲಿನ ಹಾಗೆ ಸಹಜ. ಹೊಸ್ತಿಲಲ್ಲಿ ನಿಂತವನಿಗೆ ಅದು ಅಸಹಜ ಅಂತ ಕಾಣುತ್ತದೆ. ವಸ್ತುಗಳಿಗೆ ಜೀವ ಬಂದು ಮನುಷ್ಯರು ವಸ್ತುಗಳಾಗುವ ಮಾಟ ಅಂತ ಮಾರ್ಕ್ಸ್ ಹೇಳಿದ್ದನ್ನು ಈ ಕಬ್ಬಿನ ಕೂಲಿಗಳು ಮಾರ್ಕ್ಸನ್ನು ಓದದೆ ಕಂಡುಕೊಂಡಿದ್ದಾರೆ ಅನ್ನುವುದು ಟಾಸಿಗ್ ಮಾತಿನ ತಿರುಳು.

ಅಂದ ಹಾಗೆ ನಾವೂ ದುಡ್ಡಿಗೆ ನಾಮಕರಣ ಮಾಡಿದವರೇ. ‘ದುಡ್ಡೇ ದೊಡ್ಡಪ್ಪ’ ಅನ್ನುತ್ತೇವಲ್ಲ. ಕೌಕಾದವರು ನೋಟನ್ನು ಮಗುವಿನ ಜಾಗದಲ್ಲಿಟ್ಟರು, ನಾವು ಅಪ್ಪನ ಅಣ್ಣನ ಜಾಗದಲ್ಲಿ ಕೂರಿಸಿ ಕೈಮುಗಿದೆವು. ಯಾರು ಜಾಸ್ತಿ ಬುದ್ಧಿವಂತರು ನೀವೇ ಹೇಳಿ.

ಬಂಡವಾಳಶಾಹಿಯ ಟೀಕೆ ಅಂದ ಕೂಡಲೇ ನಮ್ಮಲ್ಲಿ ಎರಡು ಥರದ ಭಾಷಣ ನೆನಪಾಗುತ್ತದೆ. ಒಂದು ಪಕ್ಷದ ಭಾಷಣ, ಇನ್ನೊಂದು ಅಂಕಿಅಂಶದ ಭಾಷಣ. ಎರಡೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಮಾನವಶಾಸ್ತ್ರದೊಳಗಿಂದ ಬಂದ ಟೀಕೆ ಬೇರೆ ಜಾತಿಯದು. ಅದು ಕೂಲಿ ಕಡಿಮೆಯಾಯಿತು ಅಂತ ದೂರುವುದಕ್ಕೆ ಮುಂಚೆ, ಕೂಲಿ ಅನ್ನುವುದಾದರೂ ಏನು ಅಂತ ಕೇಳುತ್ತದೆ. ಮನುಷ್ಯ ತನ್ನ ದಿನವನ್ನು ತುಂಡು ಮಾಡಿ ಮಾರುವುದು ಯಾವಾಗಿನಿಂದ ಶುರುವಾಯಿತು? ಅವನನ್ನು ಅದಕ್ಕೆ ಒಪ್ಪಿಸಿದ್ದು ಹೇಗೆ?

ಒಪ್ಪಿಸಿದ್ದು ಹೇಗೆ ಅನ್ನುವುದಕ್ಕೆ ಡೇವಿಡ್ ಗ್ರೇಬರ್ ಎಂಬ ಮಾನವಶಾಸ್ತ್ರಜ್ಞ ಒಂದು ಚುಟುಕು ಉದಾಹರಣೆ ಕೊಡುತ್ತಾರೆ. ಅವರು ಕ್ಷೇತ್ರಕಾರ್ಯ ಮಾಡಿದ್ದು ಮಡಗಾಸ್ಕರ್‌ನಲ್ಲಿ. 1895ರಲ್ಲಿ ಫ್ರೆಂಚರು ಆ ದ್ವೀಪದ ಮೇಲೆ ದಂಡೆತ್ತಿ ಹೋಗಿ ಗೆದ್ದರು. ಗೆದ್ದ ಮೇಲೆ ಗಲ್ಲಿಯೆನಿ ಎಂಬ ಜನರಲ್ ಅಲ್ಲಿನ ಜನರ ಮೇಲೆ ತಲೆಗಂದಾಯ ಹಾಕಿದ. ದಂಡಯಾತ್ರೆಯ ಖರ್ಚು ಸೋತವರೇ ಕೊಡಲಿ ಅಂತ. ಹೊಸದಾಗಿ ಅಚ್ಚು ಹಾಕಿಸಿದ ಫ್ರೆಂಚ್ ನೋಟಿನಲ್ಲೇ ಕಟ್ಟಬೇಕು. ಆ ಕಂದಾಯಕ್ಕೆ ಅವನು ಇಟ್ಟ ಹೆಸರು ‘ನೀತಿ ಕಲಿಸುವ ತೆರಿಗೆ’. ನೋಟು ಬೇಕೆಂದರೆ ಸುಗ್ಗಿಯಲ್ಲಿ ಭತ್ತವನ್ನು ಅಗ್ಗಕ್ಕೆ ಮಾರಬೇಕು, ಮಳೆಗಾಲದಲ್ಲಿ ಅದೇ ಭತ್ತವನ್ನು ದುಬಾರಿಗೆ ಕೊಳ್ಳಬೇಕು, ನಡುವೆ ಸಾಲ. ಮಾರುಕಟ್ಟೆ ತಾನಾಗಿ ಹುಟ್ಟುತ್ತದೆ ಅನ್ನುವವರು ಈ ತೆರಿಗೆಯನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಇರಲಿ, ಸಕ್ಕರೆಗೆ ವಾಪಸ್ ಬರೋಣ. ಸಕ್ಕರೆಯ ನಾಡಿನಲ್ಲಿ ನಿಂತು ಅಮೆರಿಕದ ಮಾನವಶಾಸ್ತ್ರಜ್ಞ ಸಿಡ್ನಿ ಮಿಂಟ್ಜ್ ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. ಈತ 1948ರಲ್ಲಿ ಪೋರ್ಟೊ ರಿಕೊ ದ್ವೀಪದ ದಕ್ಷಿಣ ಕರಾವಳಿಗೆ ಹೋಗಿ ಕಬ್ಬಿನ ಕೂಲಿಗಳ ಜೊತೆ ಇದ್ದರು. ತಾಸೊ ಎಂಬ ಒಬ್ಬ ಕೂಲಿಯ ಜೀವನವನ್ನು ಅವನ ಬಾಯಿಂದಲೇ ಹೇಳಿಸಿ 1960ರಲ್ಲಿ ಪುಸ್ತಕ ಮಾಡಿದರು. ಆದರೆ ಅವರಿಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಇಷ್ಟೊಂದು ಸಕ್ಕರೆ ಇಲ್ಲಿಂದ ಹಡಗಿನಲ್ಲಿ ಹೋಗುತ್ತದಲ್ಲ, ತಿನ್ನುವವರು ಯಾರು? ಅವರಿಗೆ ಯಾಕೆ ಇಷ್ಟು ಬೇಕು? ಆ ಪ್ರಶ್ನೆಗೆ ಉತ್ತರ ಬರೆದದ್ದು 1985ರಲ್ಲಿ. ಮೂವತ್ತೇಳು ವರ್ಷ! ಈಗಿನ ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರು ಅಷ್ಟು ಕಾಲ ಕೊಡುವುದಿಲ್ಲ.

ಸಕ್ಕರೆ ಅನ್ನುವ ಮಾತೇ ನಮ್ಮದು. ಸಂಸ್ಕೃತದ ಶರ್ಕರ ಪರ್ಷಿಯನ್ನು, ಅರಬ್ಬಿ ದಾಟಿ ಯುರೋಪಿಗೆ ಹೋಗಿ ಶುಗರ್ ಆಯಿತು. ಕಬ್ಬಿನ ಹಾಲನ್ನು ಕಾಯಿಸಿ ಹರಳು ಮಾಡುವ ವಿದ್ಯೆಯೂ ಇಲ್ಲಿಂದಲೇ ಪಶ್ಚಿಮಕ್ಕೆ ಹೋದದ್ದು. ಮಿಂಟ್ಜ್ ಲೆಕ್ಕದಲ್ಲಿ ಇಂಗ್ಲೆಂಡಿನವರಿಗೆ ಸಕ್ಕರೆ 1650ರಲ್ಲಿ ಅಪರೂಪದ ವಸ್ತು, 1750ರಲ್ಲಿ ಶೋಕಿ, 1850ರ ಹೊತ್ತಿಗೆ ಇಲ್ಲದಿದ್ದರೆ ನಡೆಯದು ಅನ್ನುವ ಪದಾರ್ಥ. 1900ರ ಸುಮಾರಿಗೆ ಇಂಗ್ಲಿಷರ ಊಟದ ಕ್ಯಾಲೊರಿಯಲ್ಲಿ ಹತ್ತಿರ ಹತ್ತಿರ ಐದನೇ ಒಂದು ಭಾಗ ಸಕ್ಕರೆಯಿಂದಲೇ. ಯಾರೋ ನಾಲಿಗೆ ಚಪಲಕ್ಕೆ ತಿಂದದ್ದಲ್ಲ ಇದು. ಕಾರ್ಖಾನೆಯಲ್ಲಿ ಹನ್ನೆರಡು ಗಂಟೆ ನಿಂತ ಹೆಂಗಸಿಗೆ ಮನೆಗೆ ಬಂದು ಬೇಯಿಸಲು ಹೊತ್ತಿಲ್ಲ, ಸೌದೆಗೆ ಕಾಸಿಲ್ಲ. ಒಂದು ಲೋಟ ಬಿಸಿ ಟೀ, ಅದಕ್ಕೆ ಸಕ್ಕರೆ, ಬ್ರೆಡ್ಡಿಗೆ ಜಾಮ್. ಹೊಟ್ಟೆ ತುಂಬಿದ ಹಾಗೆ ಅನಿಸುತ್ತದೆ. ಮನೆಯಲ್ಲಿ ಮಾಂಸವೇನಾದರೂ ಇದ್ದರೆ ದುಡಿಯುವ ಗಂಡಸಿನ ತಟ್ಟೆಗೆ, ಹೆಂಗಸರಿಗೆ ಮಕ್ಕಳಿಗೆ ಸಿಹಿ ಟೀ. ಕಡಲಾಚೆ ಗುಲಾಮ ಬೆಳೆದ ಅಗ್ಗದ ಸಕ್ಕರೆ ಈಚೆ ಕಡೆಯ ಕಾರ್ಮಿಕನ ಹಸಿವು ಅಡಗಿಸಿ ಅವನ ಕೂಲಿಯನ್ನೂ ಅಗ್ಗ ಮಾಡಿತು.

ಮಿಂಟ್ಜ್ ಹೇಳಿದ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ದೊಡ್ಡದು. ಕಾರ್ಖಾನೆ ಹುಟ್ಟಿದ್ದು ಎಲ್ಲಿ ಅಂದರೆ ಎಲ್ಲರೂ ಮ್ಯಾಂಚೆಸ್ಟರ್ ಅನ್ನುತ್ತೇವೆ. ಆದರೆ ಕಬ್ಬಿನ ಸ್ವಭಾವ ನಿಮಗೆ ಗೊತ್ತು. ಕಡಿದದ್ದನ್ನು ಬಿಟ್ಟರೆ ತೂಕವೂ ಹೋಗುತ್ತದೆ, ಇಳುವರಿಯೂ ಹೋಗುತ್ತದೆ. ಗದ್ದೆಗೂ ಗಾಣಕ್ಕೂ ಒಂದೇ ಗಡಿಯಾರ ಬೇಕು. ಹದಿನೇಳನೇ ಶತಮಾನದಲ್ಲಿ ವೆಸ್ಟ್ ಇಂಡೀಸಿನ ಬಾರ್ಬಡೋಸ್‌ನಲ್ಲಿ ಗುಲಾಮರನ್ನು ತಂಡ ತಂಡ ಮಾಡಿ, ಹಗಲು ಗದ್ದೆ, ರಾತ್ರಿ ಕೊಪ್ಪರಿಗೆ ಅಂತ ಪಾಳಿ ಹಾಕಿ, ಹಂಗಾಮಿನಲ್ಲಿ ಒಲೆ ಆರದ ಹಾಗೆ ನಡೆಸುತ್ತಿದ್ದರು. ಆಲೆಮನೆಯನ್ನು ಸಾವಿರ ಪಟ್ಟು ಹಿಗ್ಗಿಸಿ ಸುತ್ತ ಚಾಟಿ ಹಿಡಿದ ಕಾವಲು ನಿಲ್ಲಿಸಿ ಊಹಿಸಿಕೊಳ್ಳಿ. ಇಂಗ್ಲೆಂಡಿನಲ್ಲಿ ನೂಲಿನ ಗಿರಣಿಗಳು ಏಳುವ ನೂರು ವರ್ಷ ಮುಂಚೆಯೇ ಕಾರ್ಖಾನೆಯ ಶಿಸ್ತು ಇಲ್ಲಿತ್ತು. ಇದನ್ನು ಬಂಡವಾಳಶಾಹಿ ಅನ್ನಬೇಕೋ ಬೇಡವೋ ಅಂತ ಮಿಂಟ್ಜ್ ಬಹಳ ತೂಗಿ ನೋಡುತ್ತಾರೆ, ಎಚ್ಚರಿಕೆಯ ಮನುಷ್ಯ. ನನಗೆ ಆ ಎಚ್ಚರಿಕೆಯ ಮೇಲೆ ಗೌರವವಿದೆ.

ಇವರಿಬ್ಬರೂ ಒಂದೇ ಕಡೆಯವರು ಅಂದುಕೊಳ್ಳಬೇಡಿ. 1989ರಲ್ಲಿ ಟಾಸಿಗ್ ಅವರು ಮಿಂಟ್ಜ್ ಮತ್ತು ಅವರ ಗೆಳೆಯ ಎರಿಕ್ ವುಲ್ಫ್ ಇಬ್ಬರ ಮೇಲೂ ಹರಿಹಾಯ್ದರು. ಸಕ್ಕರೆಯನ್ನೇ ಕಥಾನಾಯಕ ಮಾಡಿ ಇತಿಹಾಸ ಹೇಳಿದರೆ ನೀವೂ ಅದೇ ಸರಕಿನ ಮಾಟಕ್ಕೆ ಬಿದ್ದ ಹಾಗಲ್ಲವೆ ಅನ್ನುವ ಧಾಟಿಯಲ್ಲಿ. ಅವರಿಬ್ಬರೂ ಸೇರಿ ಉತ್ತರ ಬರೆದರು. ಜಗಳ ಓದಲು ಚೆನ್ನಾಗಿದೆ. ಗಲ್ಲಾಪೆಟ್ಟಿಗೆಯ ಆ ಎರಡು ನೋಟಿನ ಹಾಗೆ ಅಂತ ಒಮ್ಮೊಮ್ಮೆ ಅನಿಸುತ್ತದೆ.

ಟಾಸಿಗ್ ಮಾತಿನಲ್ಲಿ ನನಗೆ ಎರಡು ಕಡೆ ತೊಡಕಿದೆ.

ಮೊದಲನೆಯದು ಕಾಶಿಯದು. ಜೊನಾಥನ್ ಪ್ಯಾರಿ ಎಂಬ ಇಂಗ್ಲಿಷ್ ಮಾನವಶಾಸ್ತ್ರಜ್ಞ ಬನಾರಸಿನಲ್ಲಿ ಸಾವಿನ ಕರ್ಮ ಮಾಡಿಸುವ ಪುರೋಹಿತರ ಜೊತೆ ಕೆಲಸ ಮಾಡಿದವರು. ಆ ಪುರೋಹಿತರನ್ನು ಕೇಳಿದರೆ ದಕ್ಕದ ದುಡ್ಡು ಯಾವುದು? ದಾನದ ದುಡ್ಡು! ಕೊಟ್ಟವನ ಪಾಪವೆಲ್ಲ ಅದರ ಜೊತೆ ಬರುತ್ತದೆ, ಮೈ ಕೊಳೆಯುತ್ತದೆ, ವಂಶಕ್ಕೆ ಆಗಿಬರುವುದಿಲ್ಲ. ಅದೇ ಊರಿನಲ್ಲಿ ವ್ಯಾಪಾರಿಯ ಲಾಭಕ್ಕೆ ಅಂಥ ಕಳಂಕವಿಲ್ಲ. ಅಂದರೆ ಕೌಕಾ ಕಥೆ ಇಲ್ಲಿ ಪೂರ್ತಿ ತಲೆಕೆಳಗು. ಹಣ ಅಂದರೆ ಸೈತಾನ, ದಾನ ಅಂದರೆ ದೇವರು ಅನ್ನುವ ಸರಳ ಸೂತ್ರ ಗಂಗೆಯ ದಡದಲ್ಲಿ ನಿಲ್ಲುವುದಿಲ್ಲ.

ಎರಡನೆಯ ತೊಡಕು ಇಲ್ಲಿಯದು, ಈ ಜಿಲ್ಲೆಯದು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ್ದ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 56ರವರೆಗೆ ಮಂಡ್ಯದ ಹತ್ತಿರ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ಊರುಗಳಿಗೆ ಸುಳ್ಳು ಹೆಸರಿಟ್ಟು ವಂಗಲ, ದಲೇನ ಅಂತ ಬರೆದರು. ಯಾವ ಊರು ಅಂತ ನಿಮ್ಮಲ್ಲಿ ಕೆಲವರು ಊಹಿಸಿರುತ್ತೀರಿ, ಹೇಳಬೇಡಿ. ವಂಗಲಕ್ಕೆ ನಾಲೆ ನೀರು ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆಯ ಜೊತೆ ಕರಾರು ಬಂತು. ದಲೇನ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಯಾವ ಊರು ಹೆಚ್ಚು ಬದಲಾಯಿತು? ನಾವೆಲ್ಲ ವಂಗಲ ಅನ್ನುತ್ತೇವೆ. ಎಪ್‌ಸ್ಟೀನ್ ಕಂಡದ್ದು ಬೇರೆ. ಕಬ್ಬಿನ ದುಡ್ಡು ಬಂದರೂ ವಂಗಲದವರು ಬೇಸಾಯಗಾರರಾಗಿಯೇ ಉಳಿದರು. ಒಕ್ಕಲಿಗರ ಮನೆಗೂ ಆದಿಕರ್ನಾಟಕರ ಮನೆಗೂ ಇದ್ದ ತಲೆಮಾರಿನ ಆಳುತನದ ನಂಟು ಬಹುಮಟ್ಟಿಗೆ ಹಾಗೇ ನಡೆಯಿತು. ನೀರು ಕಾಣದ ದಲೇನದವರು ಮಂಡ್ಯ ಪೇಟೆಗೆ ಕೆಲಸಕ್ಕೆ ಹೋದರು, ವ್ಯಾಪಾರ ಹಿಡಿದರು, ಬೇರೆ ಊರಲ್ಲಿ ಗದ್ದೆ ಕೊಂಡರು. ಹಳೆಯ ನಂಟು ಮುರಿದು ಬಿದ್ದದ್ದು ಅಲ್ಲಿ.

ಆ ಹಳೆಯ ನಂಟಿನಲ್ಲಿ ಆಳಿಗೆ ವರ್ಷಕ್ಕೆ ಇಷ್ಟು ರಾಗಿ, ಇಷ್ಟು ಹುಲ್ಲು ಅಂತ ಗೊತ್ತುಮಾಡಿದ್ದು. ಮಳೆ ಹೋದ ವರ್ಷವೂ ಅಷ್ಟೇ, ಬೆಳೆ ಕುಣಿದ ವರ್ಷವೂ ಅಷ್ಟೇ. ಬರಗಾಲದಲ್ಲಿ ಆಳು ಸಾಯದ ಹಾಗೆ ಇದೊಂದು ರಕ್ಷಣೆ ಅಂತ ಎಪ್‌ಸ್ಟೀನ್ ತೋರಿಸಿದರು, ಅದು ನಿಜವೇ. ಆದರೆ ಚೆನ್ನಾಗಿ ಬೆಳೆದ ವರ್ಷದ ಹೆಚ್ಚುವರಿ ಯಾರ ಕಣಜಕ್ಕೆ ಹೋಯಿತು ಅನ್ನುವುದೂ ಅದೇ ಲೆಕ್ಕದಲ್ಲಿದೆ. ಆಳಿನ ಮಗ ಆಳೇ ಆಗಬೇಕು ಅನ್ನುವುದೂ ಇದೆ. ಹಳ್ಳಿಯನ್ನು ಹೊಗಳುವವರಿಗೆ ಅಂಬೇಡ್ಕರ್ 1948ರಲ್ಲಿ ಸಂವಿಧಾನ ಸಭೆಯಲ್ಲಿ ಏನು ಹೇಳಿದರು ಅಂತ ನಿಮಗೆ ನೆನಪಿದೆ: ಹಳ್ಳಿ ಅಂದರೆ ಸಂಕುಚಿತತನದ ಕೊಚ್ಚೆಗುಂಡಿ, ಅಜ್ಞಾನದ ಗೂಡು ಅಂತ. ಕೇರಿಯ ಹುಡುಗನಿಗೆ ಪೇಟೆಯಲ್ಲಿ ವಾರಕ್ಕೊಮ್ಮೆ ಸಿಕ್ಕುವ ನೋಟಿನ ಮೇಲೆ ಜಾತಿ ಬರೆದಿರುವುದಿಲ್ಲ. ಆ ನೋಟಿನಲ್ಲಿ ಅವನು ಸೈತಾನನನ್ನು ಕಾಣಬೇಕು ಅಂತ ಹೇಳಲು ನಾವು ಯಾರು? ಬಂಡವಾಳಶಾಹಿಯನ್ನು ಬಯ್ಯುವ ಭರದಲ್ಲಿ ಅದಕ್ಕಿಂತ ಮುಂಚಿನದನ್ನು ಹಸಿರು ತೋಟವಾಗಿ ಚಿತ್ರಿಸುವುದು ಮಾನವಶಾಸ್ತ್ರದ ಹಳೆಯ ಚಾಳಿ. ಒಬ್ಬರ ಗದ್ದೆಗೆ ಇನ್ನೊಬ್ಬರು ಕೂಲಿಯಿಲ್ಲದೆ ದುಡಿದು ತೀರಿಸಿಕೊಳ್ಳುವ ಮುಯ್ಯಾಳು ಪದ್ಧತಿಯನ್ನೂ, ಮದುವೆಯಲ್ಲಿ ಮುಯ್ಯಿ ಬರೆಸುವುದನ್ನೂ ಕೊಂಡಾಡುವ ನನಗೂ ಆ ಚಾಳಿ ಇದೆ. ಯಾರ ಗದ್ದೆಗೆ ಯಾರು ಮುಯ್ಯಾಳು ಹೋಗಬಹುದಾಗಿತ್ತು, ಯಾರು ಹೋಗುವ ಹಾಗಿರಲಿಲ್ಲ ಅಂತ ಕೇಳಿಕೊಂಡರೆ ಇಳಿಯುತ್ತದೆ.

ಹಾಗಾದರೆ ಟಾಸಿಗ್ ಪುಸ್ತಕ ಎತ್ತಿಡೋಣವೆ? ಇಲ್ಲ. ಟಾಸಿಗ್ ಕೊಟ್ಟ ವಿವರಣೆಯನ್ನು ಪ್ರಶ್ನಿಸಬಹುದು. ಆ ಕೂಲಿಗಳು ಹೇಳಿದ ಕಥೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಅವರು ಎಲ್ಲ ಹಣವೂ ಕೆಟ್ಟದ್ದು ಅನ್ನಲಿಲ್ಲ. ಒಂದು ಬಗೆಯ ದುಡಿಮೆಯಿಂದ ಬಂದ ಹಣ ಮುಂದಿನ ಚಿಗುರನ್ನು ತಿಂದುಕೊಂಡು ಬರುತ್ತದೆ ಅಂದರು. ಅಷ್ಟನ್ನೇ ಹಿಡಿದುಕೊಂಡು ನಮ್ಮ ಕಬ್ಬಿನ ಗದ್ದೆಗೆ ಬರೋಣ.

ರೈತರ ಪಾಡು ನಿಮಗೆ ನಾನು ಹೇಳಬೇಕಾಗಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ. ನಿಮ್ಮಲ್ಲಿ ಬಾಕಿ ಸಿಕ್ಕವರು ಕೈ ಎತ್ತಿ ಅಂದರೆ ಎಷ್ಟೋ ಕೈ ಏಳುತ್ತವೆ. ಆ ಬಡ್ಡಿ ಸಿಕ್ಕವರು? ನೋಡಿ, ಒಬ್ಬರೂ ಇಲ್ಲ. ರೈತನ ನೋಟಿಗೆ ದೀಕ್ಷಾಸ್ನಾನ ಆಗಿಲ್ಲ, ಹೋದದ್ದು ಒಂಟಿಯಾಗಿಯೇ ವಾಪಸ್ ಬರುತ್ತದೆ, ಅದೂ ತಡವಾಗಿ.

ಆದರೆ ಗದ್ದೆಯಲ್ಲಿ ರೈತನಿಗಿಂತ ಕೆಳಗೆ ಬಗ್ಗಿರುವವರು ಇನ್ನೂ ಇದ್ದಾರೆ. ಬೆಳಗಾವಿ, ಬಾಗಲಕೋಟೆ ಕಡೆ ಹಂಗಾಮಿನಲ್ಲಿ ಹೋದರೆ ಗದ್ದೆಯ ಅಂಚಿನಲ್ಲಿ ಸೋಗೆಯ ಗುಡಿಸಲುಗಳು ಕಾಣುತ್ತವೆ. ಮಹಾರಾಷ್ಟ್ರದ ಬೀಡ್ ಸೀಮೆಯಿಂದ ಗಡಿ ದಾಟಿ ಬಂದ ಕಬ್ಬು ಕಡಿಯುವ ಗ್ಯಾಂಗುಗಳು. ಮಳೆಗಾಲ ಮುಗಿಯುವ ಹೊತ್ತಿಗೆ ಕೂಲಿಗಳನ್ನು ಗೊತ್ತುಮಾಡುವ ಮುಕಾದಮ ಊರಿಗೆ ಬಂದು ಮುಂಗಡ ಕೊಟ್ಟಿರುತ್ತಾನೆ. ಅದಕ್ಕೆ ಉಚಲ್ ಅನ್ನುತ್ತಾರೆ, ಎತ್ತಿಕೊಂಡದ್ದು ಅಂತ. ಆ ಮುಂಗಡ ತೀರುವವರೆಗೆ ಟನ್ ಲೆಕ್ಕದಲ್ಲಿ ಕಡಿಯಬೇಕು. ಹಂಗಾಮು ಮುಗಿದರೂ ತೀರದಿದ್ದರೆ ಮುಂದಿನ ವರ್ಷದ ಲೆಕ್ಕಕ್ಕೆ. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ.

ಅವರಲ್ಲಿ ಒಬ್ಬ ಮನುಷ್ಯ ಅನ್ನುವ ಲೆಕ್ಕವಿಲ್ಲ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಕೊಯ್ತಾ ಅಂದರೆ ಮರಾಠಿಯಲ್ಲಿ ಕಬ್ಬು ಕಡಿಯುವ ಕತ್ತಿ. ಎರಡು ಜೀವ, ಒಂದು ಕತ್ತಿಯ ಹೆಸರು. ಅವನು ಕಡಿಯುತ್ತಾನೆ, ಅವಳು ಕಟ್ಟು ಕಟ್ಟಿ ತಲೆ ಮೇಲೆ ಹೊತ್ತು ಲಾರಿಗೆ ಹಾಕುತ್ತಾಳೆ. ಅವಳಿಗೆ ಬೇರೆ ಕೂಲಿ ಇಲ್ಲ. ಇಬ್ಬರಲ್ಲಿ ಒಬ್ಬರು ಒಂದು ದಿನ ಮಲಗಿದರೆ ದಂಡ ಕಟ್ಟಬೇಕು. ಮುಟ್ಟಿನ ಹೊಟ್ಟೆನೋವಾದರೂ ಅಷ್ಟೇ. 2019ರಲ್ಲಿ ಬೀಡ್‌ನಿಂದ ಒಂದು ಸುದ್ದಿ ಬಂತು, ಇಲ್ಲಿನ ಹೆಂಗಸರು ಸಣ್ಣ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಳ್ಳುತ್ತಿದ್ದಾರೆ ಅಂತ. ಮಹಾರಾಷ್ಟ್ರ ಸರ್ಕಾರ ಸಮಿತಿ ಮಾಡಿತು. ಸಮೀಕ್ಷೆಯಲ್ಲಿ ಕಬ್ಬು ಕಡಿಯುವ 82 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವಿಚಾರಿಸಿದರು. ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಜನರಿಗೆ ಗರ್ಭಕೋಶ ಇರಲಿಲ್ಲ.

ಆ ಆಪರೇಶನ್‌ಗೆ ದುಡ್ಡು ಎಲ್ಲಿಂದ ಅಂತ ಕೇಳಬಹುದು ನೀವು. ಎಷ್ಟೋ ಮನೆಗಳಲ್ಲಿ ಅದೂ ಸಾಲವೇ. ಮುಕಾದಮನ ಪುಸ್ತಕದಲ್ಲಿ ಉಚಲ್ ಜೊತೆ ಅದೂ ಒಂದು ಸಾಲು, ಮುಂದಿನ ಹಂಗಾಮಿನಲ್ಲಿ ಕಡಿದು ತೀರಿಸಬೇಕು.